ಧರ್ಮಪಾಲರ ವಾಯರಿಲ್ಲದ ಮನೆ

ಡೊಂಬಿವಲಿ ಪೂರ್ವದ ನಮ್ಮ ಗಲ್ಲಿಯಲ್ಲಿ ಒಂಬತ್ತರ ಹೊತ್ತಿಗೆ, ಲೋಕಲ್ ಹಿಡಿಯಲು ಓಡುವವರ ಚಪ್ಪಲಿಗಳ ಸದ್ದು ಅಡಗಿದ ಮೇಲೆ, ಟಿಣ್ ಟಿಣ್ ಎಂಬ ತಗಡಿನ ಸದ್ದೊಂದು ಕೇಳತೊಡಗುತ್ತದೆ. ಎದುರು ಕಟ್ಟಡದ ತಾರಸಿಯ ಮೇಲೆ ತುಕ್ಕು ಹಿಡಿದು ಆಕಾಶಕ್ಕೆ ಬಾಯ್ದೆರೆದು ಕೂತಿರುವ ಹಳೆಯ ಡಿಶ್ ಕೊಡೆಯನ್ನು ಕಾಗೆಗಳು ಕುಕ್ಕುವ ಸದ್ದು. ಆ ತಾರಸಿಯ ಕೆಳಗೇ ಧರ್ಮಪಾಲರ ಮನೆ. ಇಪ್ಪತ್ತೆಂಟು ವರ್ಷ ನಮ್ಮ ಗಲ್ಲಿಗೆ ಕೇಬಲ್ ಎಳೆದವರು ಅವರು. ಆದರೆ ಅವರ ತಲೆಯ ಮೇಲಿನ ಆ ಕೊಡೆ ಅವರದಲ್ಲ.

ಐರೋಲಿಯ ಕಚೇರಿಗೆ ನಾನು ಹನ್ನೊಂದಕ್ಕೆ ಹೋದರೆ ಸಾಕಾದ್ದರಿಂದ ಅವರು ಮನೆಯಿಂದ ಹೊರಡುವುದನ್ನು ದಿನವೂ ನೋಡುತ್ತೇನೆ. ಮುಖ ಮೇಲೆತ್ತಿ ನಡೆಯುವ ಮನುಷ್ಯ. ಕಣ್ಣು ಸದಾ ಕಿಟಕಿಯ ಸಜ್ಜಾಗಳ ಮೇಲೆ, ಗೋಡೆಯಿಂದ ಗೋಡೆಗೆ ಜೋತುಬಿದ್ದ ಕಪ್ಪು ವಾಯರುಗಳ ಮೇಲೆ; ರಸ್ತೆಯ ಗುಂಡಿಗಳನ್ನು ಕಾಲುಗಳೇ ತಮ್ಮಷ್ಟಕ್ಕೆ ತಿಳಿದುಕೊಂಡು ದಾಟುತ್ತವೆ. ಮೈಮೇಲೆ ಬೇಸಿಗೆಯಲ್ಲೂ ತೋಳು ಕತ್ತರಿಸಿದ ನೀಲಿ ಮಳೆಕೋಟು. ಅದಕ್ಕೆ ಹೆಂಡತಿ ಶ್ರೀಮತಿ ಹೊಲಿದುಕೊಟ್ಟ ಒಂಬತ್ತು ಜೇಬು. ಯಾವ ಜೇಬಿನಲ್ಲಿ ಪಿನ್ನು, ಯಾವುದರಲ್ಲಿ ಟೇಪು ಎಂಬುದು ಬೆರಳುಗಳಿಗೆ ಗೊತ್ತು. ಅವರ ಇನ್ನೊಂದು ಗುಣವೆಂದರೆ ಯಾವ ವಾಕ್ಯವನ್ನೂ ಮುಗಿಸದೇ ಇರುವುದು. ತಾರಸಿಯಿಂದ ಬಗ್ಗಿ "ಬಂತಾ?" ಎಂದು ಕೂಗಿ, ಕೆಳಗಿನ ಮನೆಯವರು "ಬಂತು" ಅನ್ನುವಷ್ಟರಲ್ಲಿ ಮುಂದಿನ ತಾರಸಿಗೆ ನಡೆದುಬಿಡುವ ಅಭ್ಯಾಸ ಮಾತಿಗೂ ಅಂಟಿಕೊಂಡಿರಬೇಕು. ಕಾಪು ಕಡೆಯಿಂದ ಮಾವನ ಹೋಟೆಲಿಗೆಂದು ಬಂದವರು ಕೇಬಲ್ಲಿಗೆ ಹೇಗೆ ಬಿದ್ದಿರಿ ಎಂದು ಕೇಳಿದ್ದೆ. "ಹೋಟೆಲಿನ ಟಿವಿ ಒಂದಿನ ಹಾಳಾಯ್ತು ಮಾರಾಯ್ತಿ, ನಾನು ಮೇಲೆ ಹತ್ತಿದೆ, ಮತ್ತೆ..." ಎಂದು ಹೊರಟೇ ಹೋದರು.

ಗಲ್ಲಿಯ ನಡುವಿನ ಟ್ರಾನ್ಸ್‌ಫಾರ್ಮರ್ ಒಂದು ಕಾಲಕ್ಕೆ ಎರಡು ರಾಜ್ಯಗಳ ಗಡಿಯಾಗಿತ್ತು. ಈಚೆಯ ಮನೆಗಳು ಧರ್ಮಪಾಲರವು, ಆಚೆಯವು ಅಂಬಾದಾಸ ಎಂಬ ಇನ್ನೊಬ್ಬ ಕೇಬಲ್‌ನವನವು. ಒಬ್ಬರ ಮನೆಗೆ ಇನ್ನೊಬ್ಬರು ವಾಯರ್ ಎಸೆಯಬಾರದೆಂದು ಇಬ್ಬರೂ ಕೈಕೈ ಮುಟ್ಟಿ ಮಾತಾಡಿಕೊಂಡಿದ್ದರು. ತೊಡಕೆಂದರೆ ಧರ್ಮಪಾಲರ ಸ್ವಂತ ಮನೆ ಆಚೆ ಇತ್ತು, ಅಂಬಾದಾಸನ ಆ ಕೊಡೆಯ ಕೆಳಗೇ. ತಮ್ಮ ವಾಯರನ್ನು ಗಡಿ ದಾಟಿಸುವುದು ಮಾತಿಗೆ ತಪ್ಪಿದಂತೆ; ಅಂಬಾದಾಸನ ವಾಯರ್ ಹಾಕಿಸಿಕೊಳ್ಳುವುದು ಮಾನಕ್ಕೆ ಕುಂದು. ಹೀಗಾಗಿ ಊರಿಗೆಲ್ಲ ನೂರು ಚಾನೆಲ್ ಹಂಚಿದವರ ಮನೆಯಲ್ಲಿ ಟಿವಿಯ ತಲೆಯ ಮೇಲೆ ಎರಡು ಕೊಂಬಿನ ಆಂಟೆನಾ ಇಟ್ಟು ದೂರದರ್ಶನವನ್ನಷ್ಟೇ ನೋಡುತ್ತಿದ್ದರು. ಶ್ರೀಮತಿ ಒಂದು ಕೊಂಬನ್ನು ಹಿಡಿದು ನಿಂತರೆ ಚಿತ್ರ ಸ್ವಚ್ಛ, ಕೈ ಬಿಟ್ಟರೆ ಚುಕ್ಕಿ. "ಕೇಬಲ್‌ವಾಲ್ಯಾಚಿ ಮುಲ್ಗಿ, ಘರೀ ಕೇಬಲ್ ನಾಹೀ" ಎಂದು, ಕೇಬಲ್ಲಿನವನ ಮಗಳಿಗೇ ಮನೆಯಲ್ಲಿ ಕೇಬಲ್ ಇಲ್ಲವೆಂದು ಶಾಲೆಯ ಹುಡುಗಿಯರು ಛೇಡಿಸಿದಾಗ ಮಗಳು ಮಾನಸಿ ಅತ್ತುಕೊಂಡು ಬರುತ್ತಿದ್ದಳಂತೆ. ಅಂಬಾದಾಸ ಧಂಧೆ ಬಿಟ್ಟು ಕಲ್ಯಾಣಕ್ಕೆ ಹೋಗಿ ಎಂಟು ವರ್ಷವಾದರೂ ಧರ್ಮಪಾಲರ ವಾಯರ್ ಟ್ರಾನ್ಸ್‌ಫಾರ್ಮರನ್ನು ದಾಟಲಿಲ್ಲ. "ಅವ ಹೋದ, ಮಾತು ಹೋಗ್ಲಿಲ್ಲ ಅಲ್ವಾ" ಅನ್ನುತ್ತಾರೆ. ನಾನು ನೋಡಿದಂತೆ ಅವರು ಪೂರ್ತಿ ಆಡಿದ ಕೆಲವೇ ವಾಕ್ಯಗಳಲ್ಲಿ ಇದೂ ಒಂದು.

ನಾನಿರುವುದು ಈರವ್ವ ದೊಡ್ಡಮ್ಮನ ಮನೆಯಲ್ಲಿ. ರೋಣದಿಂದ ಬಂದು ನಲವತ್ತು ವರ್ಷವಾದರೂ ಅವಳ ಮಾತಿಗೆ ಮುಂಬಯಿ ಗಾಳಿ ತಗುಲಿಲ್ಲ. ಮನೆ ತುಂಬಿದೆ, ಮೊಮ್ಮಗ ರವಿಕಿರಣ್ ಅಜ್ಜಿಯ ಕನ್ನಡಕ್ಕೆಲ್ಲ ಮರಾಠಿಯಲ್ಲಿ ಪ್ರೀತಿಯಿಂದಲೇ ಉತ್ತರಿಸುತ್ತಾನೆ. ಮೊದಲ ಸಲ ಅವಳ ಟಿವಿಗೆ ಕನ್ನಡದ ಚಾನೆಲ್ ತಂದುಕೊಟ್ಟವರು ಧರ್ಮಪಾಲರು. ತಿಂಗಳಿಗೆ ಎರಡು ಸಲವಾದರೂ ಅವಳ ಟಿವಿ ಕೆಡುತ್ತಿತ್ತು.

"ಏ ಧರ್ಮಪಾಲಾ, ಎಲ್ಲಿ ಸತ್ತಿಯೋ? ಟಿವಿಯಾಗ ಬರೇ ಮಳಿ ಸುರಿಲಿಕ್ಕತ್ತದ."

"ಎಂತ ಇಲ್ಲ ಅವ್ವಾ, ಪಿನ್ ಲೂಸ್ ಅಷ್ಟೇ."

ಟಿವಿಯ ಹಿಂದೆ ವಾಯರ್ ಸಿಕ್ಕಿಸುವ ಆ ಪಿನ್ನು ಯಾವಾಗಲೂ ಸರಿಯಾಗಿ ಅರ್ಧ ಸುತ್ತು ಸಡಿಲವಾಗಿರುತ್ತಿತ್ತು. ಅದನ್ನು ಬಿಗಿಮಾಡಿ, ಚಹಾ ಕುಡಿದು, ಅವಳ ಶೇಂಗಾ ಹಿಂಡಿಯ ಖಾರಕ್ಕೆ ಕಣ್ಣೊರೆಸಿಕೊಂಡು, ಕಾಪು ಹೆಚ್ಚೋ ರೋಣ ಹೆಚ್ಚೋ ಎಂದು ಅರ್ಧ ಗಂಟೆ ಜಗಳಾಡಿ ಹೋಗುತ್ತಿದ್ದರು. ಆ ಅರ್ಧ ಸುತ್ತು ಯಾರ ಬೆರಳಿನದೆಂದು ಅವರಿಗೆ ತಿಳಿಯದೇ ಇರಲು ಸಾಧ್ಯವಿರಲಿಲ್ಲ. ಅವರು ಅದರ ಮಾತೆತ್ತಿದ್ದನ್ನು ಮಾತ್ರ ನಾನು ಕೇಳಿಲ್ಲ.

ಮನೆಮನೆಗೂ ವೈಫೈ ಬಂತು. ಒಂದೊಂದೇ ಮನೆ ಕಳಚಿಕೊಂಡಿತು. ಹೋದ ಡಿಸೆಂಬರಿನಲ್ಲಿ ಸೊಸೈಟಿಯವರು ಕಟ್ಟಡಕ್ಕೆ ಬಣ್ಣ ಹೊಡೆಸಲು ಹೊರಟಾಗ, ಹೊರಗೋಡೆಯ ಮೇಲೆ ಒಂದು ವಾಯರೂ ಇರಕೂಡದು, ಭಾನುವಾರದೊಳಗೆ ತೆಗೆಯಬೇಕು ಎಂದು ನೋಟಿಸ್ ಹಚ್ಚಿದರು. ಆ ಹೊತ್ತಿಗೆ ಧರ್ಮಪಾಲರ ಪಾಲಿಗೆ ಇಡೀ ಗಲ್ಲಿಯಲ್ಲಿ ಉಳಿದಿದ್ದದ್ದು ಒಂದೇ ಮನೆ, ನಮ್ಮದು. ಸೆಕ್ರೆಟರಿ ಒಳ್ಳೆಯವರು. "ಆಜಿಬಾಯಿಯದು ಒಂದು ಇರಲಿ, ಪೈಪಿನ ಹಿಂದೆ ಅಡಗಿಸಿ ಬಿಡಿ" ಎಂದು ತಾವಾಗಿಯೇ ಹೇಳಿದರು. ಧರ್ಮಪಾಲರು ಹೂಂ ಅನ್ನಬಹುದಿತ್ತು.

ಶನಿವಾರ ಸಂಜೆ ಬಂದವರು ಸೋಫಾದ ತುದಿಯಲ್ಲಿ ಕೂತು ಟಿವಿಯನ್ನೇ ನೋಡಿದರು. ಹಳೆಯ ತಂತಿಯಲ್ಲಿ ಚಿತ್ರ ಒಡೆದು ಚೂರಾಗುತ್ತಿತ್ತು, ಮಾತು ನುಂಗಿಹೋಗುತ್ತಿತ್ತು. ಪಿನ್ನು ಮುಟ್ಟಿ ನೋಡಿದರು, ಗಟ್ಟಿಯಾಗಿಯೇ ಇತ್ತು.

"ಎಷ್ಟು ದಿನದಿಂದ ಹೀಗೆ ಅವ್ವಾ?"

"ಎಲ್ಲಿ? ಛಲೋ ಬರ್ಲಿಕ್ಕತ್ತದಲ್ಲ" ಎಂದಳು ದೊಡ್ಡಮ್ಮ, ಚೂರುಗಳನ್ನೇ ನೋಡುತ್ತ.

ನಿಜವಾಗಿ ಕೆಟ್ಟಾಗ ಅವಳು ದೂರು ಹೇಳಿರಲಿಲ್ಲ. ಹೇಳಿದ್ದರೆ ವಾಯರನ್ನೇ ತೆಗೆದುಬಿಡುತ್ತಾರೆಂಬ ಭಯ. ಧರ್ಮಪಾಲರು ಎದ್ದು, ವೈಫೈಯಿಂದಲೇ ಚಾನೆಲ್ ತರುವುದೆಂದು ರವಿಕಿರಣ್ ತಂದು ಪೆಟ್ಟಿಗೆಯಲ್ಲೇ ಇಟ್ಟಿದ್ದ ಬೆರಳುದ್ದದ ಕಡ್ಡಿಯೊಂದನ್ನು ಟಿವಿಯ ಬೆನ್ನಿಗೆ ಸಿಕ್ಕಿಸಿದರು.

"ವಾಯರ್ ಇಲ್ದ ಹ್ಯಾಂಗ ಬರ್ತದೋ?"

"ಬರ್ತದೆ ಅವ್ವಾ. ನಮ್ಮ ಮನೆಯಲ್ಲಿ ಮೊದಲಿಂದಲೂ ವಾಯರ್‌ಲೆಸ್ಸೇ ಅಲ್ವಾ?"

ಚಿತ್ರ ಬಂತು, ತೊಳೆದಿಟ್ಟ ಹಾಗೆ. ಆದರೆ ಹೊಸ ರಿಮೋಟಿನ ಗುಂಡಿಗಳೆಲ್ಲ ದೊಡ್ಡಮ್ಮನಿಗೆ ಒಂದೇ ಥರ. ಒತ್ತಿದರೆ ಒಮ್ಮೆ ಇಂಗ್ಲಿಷ್ ಹಾಡು, ಒಮ್ಮೆ ಕಪ್ಪು ಪರದೆ. ಮೂರು ಸಲ ಸೋತು ರಿಮೋಟನ್ನು ದಿಂಬಿನ ಮೇಲೆ ಒಗೆದಳು. ಧರ್ಮಪಾಲರ ಬೆರಳು ಒಂಬತ್ತು ಜೇಬುಗಳನ್ನೂ ತಡಕಿತು. ಯಾವುದರಲ್ಲೂ ಇದಕ್ಕೆ ಮದ್ದಿರಲಿಲ್ಲ. ದಡದಡನೆ ಇಳಿದು, ಗಲ್ಲಿ ದಾಟಿ ಹೋಗಿ, ಶ್ರೀಮತಿ ಹಣೆಗೆ ಅಂಟಿಸಿಕೊಳ್ಳುವ ಟಿಕಳಿಯ ಚೀಟಿ ಹಿಡಿದು ಏದುಸಿರು ಬಿಡುತ್ತ ಬಂದರು. ಕನ್ನಡ ಬರುವ ಗುಂಡಿಯ ಮೇಲೆ ಕೆಂಪು ಟಿಕಳಿಯೊಂದನ್ನು ಅಂಟಿಸಿ, ದೊಡ್ಡಮ್ಮನ ಹೆಬ್ಬೆರಳನ್ನು ಹಿಡಿದು ಅದರ ಮೇಲಿಟ್ಟರು.

"ಬಂತಾ?"

"ಬಂತು" ಎಂದಳು. ದನಿಯಲ್ಲಿ ಸಂತೋಷವಿರಲಿಲ್ಲ. "ಇನ್ನ ನೀ ಹ್ಯಾಂಗ ಬರ್ತೀ?"

ಧರ್ಮಪಾಲರು ಕಿಟಕಿಯಾಚೆ ಕೈ ಚಾಚಿ, ತಾವೇ ಎಳೆದಿದ್ದ ಕೊನೆಯ ವಾಯರನ್ನು ಕತ್ತರಿಸಿ, ಮೊಣಕೈಗೆ ಸುತ್ತಿಕೊಂಡು ನಡೆದರು.

ಎರಡು ವಾರ ಕಳೆದಿರಬೇಕು. ದೊಡ್ಡಮ್ಮ ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದಳು: "ಧರ್ಮಪಾಲಾ, ಟಿಕಳಿ ಬಿದ್ದು ಹೋಗೇದ. ಟಿವಿ ಬಂದ್ ಆಗೇದ ನೋಡು." ಬಂದರು, ಅದೇ ನೀಲಿ ಕೋಟು. ಕಳೆದುಹೋದ ಟಿಕಳಿ ಕನ್ನಡಿಯ ಅಂಚಿನಲ್ಲಿ ನೀಟಾಗಿ ಅಂಟಿಕೊಂಡಿತ್ತು. ನಾನು ನೋಡಿದೆ; ಅವರೂ ನೋಡಿದರು. ಹತ್ತನೆಯ ಜೇಬೊಂದು ಹೊಸದಾಗಿ ಹುಟ್ಟಿತ್ತು. ಅದರಿಂದ ಚೀಟಿ ತೆಗೆದು, ಒಂದೇ ಒಂದು ಟಿಕಳಿ ಕಿತ್ತು ಅಂಟಿಸಿ, ಚಹಾಕ್ಕೆ ಕೂತರು. ಜಗಳ ರೋಣದಿಂದಲೇ ಶುರುವಾಯಿತು.

ಊರಿನ ಮನೆಗಳೊಳಗೆ ಚಪ್ಪಲಿ ಕಳಚಿ ಬಂದು ಕೆಟ್ಟದ್ದನ್ನು ಸರಿಮಾಡಿ ಹೋಗುವ ಜನ ಕಡಿಮೆಯಾಗುತ್ತಿದ್ದಾರೆ. ಅವರು ತಂದದ್ದು ಚಿತ್ರವೋ ನೀರೋ ಬೆಳಕೋ ಎಂಬುದನ್ನಷ್ಟೇ ನಾವು ಲೆಕ್ಕಕ್ಕೆ ಹಿಡಿದಿದ್ದೆವು. ಅದಕ್ಕಿಂತ ಮುಂಚೆ ಬಾಗಿಲಲ್ಲಿ ಒಂದು ಮುಖವೂ ಬರುತ್ತಿತ್ತು. ಇಂಥವರು ಕೆಲಸವನ್ನು ಎಂದೂ ಅರೆಬರೆ ಮಾಡುವುದಿಲ್ಲ. ಆದರೆ ಕೆಲಸ ಪೂರ್ತಿ ಮುಗಿದುಹೋಗದಂತೆ ಎಲ್ಲೋ ಅರ್ಧ ಸುತ್ತು ಜಾಗ ಬಿಟ್ಟಿರುತ್ತಾರೆ.

ಇದು ಆಗ ನನಗೆ ಹೊಳೆದಿರಲಿಲ್ಲ. ಬಾಗಿಲವರೆಗೆ ಹೋಗಿ, "ಸುಮ್ಮನೆ ಯಾಕೆ ಓಡಾಡುತ್ತೀರಿ, ಇಡೀ ಚೀಟಿ ಇಲ್ಲೇ ಕೊಟ್ಟುಬಿಡಿ" ಎಂದೆ. ಧರ್ಮಪಾಲರು ಚೀಟಿಯನ್ನು ಜೇಬಿಗಿಳಿಸಿ, ಮೇಲಿಂದ ಒಮ್ಮೆ ತಟ್ಟಿ ನೋಡಿಕೊಂಡು, "ಬೇಡ ಮಾರಾಯ್ತಿ, ಅದು ಇಲ್ಲೇ ಇದ್ದರೆ ಮತ್ತೆ ನಾನು..." ಎನ್ನುತ್ತ, ಮುಖ ಮೇಲೆತ್ತಿಕೊಂಡೇ ಮೆಟ್ಟಿಲಿಳಿದು...