ಒಂದು ಬೆರಳಿನ ಸಂದು

"ಬಿಗೀರಿ ವೈಜಿನಾಥ್, ಬೋಲ್ಟ್ ಬಿಗದ್ರ ತಾನ ಹೋಗಿ ಕೂಡ್ತದ," ಎಂದ ಪ್ರಮೋದ, ಮೂರನೆಯ ಸಲ.

ತಾಂಡೂರಿನ ಕಲ್ಲುಗಣಿಯ ಸೂಪರ್‌ವೈಸರ್ ಅವನು. ಗಣಿಯ ಡಂಪರಿನ ಎಂಜಿನ್ನು ಜಹೀರಾಬಾದಿನ ಮಾಣಿಕ ಸೇಠರ ಗ್ಯಾರೇಜಿನಲ್ಲಿ ಚೈನ್ ಕಪ್ಪಿಗೆ ತೂಗುತ್ತಿತ್ತು. ನಾಳೆಯಿಂದ ಪ್ರತ್ಯೇಕ ರಾಜ್ಯಕ್ಕಾಗಿ ತೆಲಂಗಾಣ ಬಂದ್. ರಸ್ತೆ ಕಟ್ಟುವುದರೊಳಗೆ ಗಾಡಿ ತಾಂಡೂರು ಮುಟ್ಟಬೇಕು. ಆದರೆ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಒಂದು ಬೆರಳಿನ ಸಂದು ಉಳಿದುಬಿಟ್ಟಿತ್ತು.

ಫಿಟ್ಟರ್ ವೈಜಿನಾಥ ಬೋಲ್ಟ್ ಬಿಗಿಯುವ ಪಾನಾವನ್ನು ತನ್ನ ಚೀಲಕ್ಕೆ ಹಾಕಿದ. "ಕೈಲೆ ಕೂಡಬೇಕ್ರಿ. ಪಾನಾದಲೆ ಎಳದ್ರ ಒಳಗಿನ ಪಂಪ್ ಒಡೀತದ."

ಕ್ಲಚ್ಚಿಲ್ಲದ ಗಾಡಿ ಅದು. ಕ್ಲಚ್ಚಿನ ಜಾಗದಲ್ಲಿ ಎಣ್ಣೆ ತುಂಬಿದ, ದೊಡ್ಡ ಕುಂಬಳಕಾಯಿಯಂಥ ಕನ್ವರ್ಟರ್. ಗೇರ್ ಬಾಕ್ಸಿನ ದಂಡದ ಮೇಲೆ ಅದನ್ನು ತಿರುಗಿಸುತ್ತ ಒತ್ತಿದರೆ ಮೂರು ಸಲ ಒಳಕ್ಕಿಳಿಯಬೇಕು. ಎರಡು ಸಲಕ್ಕೇ ಕೂತಂತೆ ಕಾಣುತ್ತದೆ, ಮೋಸವಿರುವುದೇ ಅಲ್ಲಿ. ಬೆಳಗ್ಗೆ ಜಲ್ದಿ ಜಲ್ದಿ ಎಂದು ಎಲ್ಲರೂ ತಲೆ ತಿಂದಾಗ ವೈಜಿನಾಥ ಎರಡಕ್ಕೇ ಕೈ ಬಿಟ್ಟಿದ್ದ. ತಪ್ಪು ತನ್ನದೇ ಎಂದು ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಐದು ವರ್ಷದ ಹಿಂದೆ ಇಂಥದೇ ಗಾಡಿಗೆ ಸಂದು ಉಳಿದಿದ್ದರೂ ಸೇಠರ ಮಾತು ಕೇಳಿ ಬಿಗಿದಿದ್ದ. ರೈಲ್ವೆ ಗೇಟು ದಾಟುವುದರೊಳಗೆ ಗಾಡಿ ನಿಂತಿತು. ಸೇಠರು ಮೆಲ್ಲಗೆ ಜಾರಿಕೊಂಡು, "ವೈಜಿನಾಥಂದು ಕೈ ಕೆಟ್ಟದ" ಎಂದುಬಿಟ್ಟರು. ಪೇಟೆಯೆಲ್ಲ ನಕ್ಕಿತು.

ಸೇಠರು ಈಗ ಲುಂಗಿ ಎತ್ತಿಕಟ್ಟಿಕೊಂಡು ಬಂದರು. "ಏನಲೇ ನಿಂದು ಜಿದ್ದು? ಬಿಗಿ ಅಂದ್ರ ಬಿಗಿ!"

"ಒಂದ್ ಬೋಲ್ಟೂ ಬಿಗಿಯಂಗಿಲ್ರಿ. ಎಂಜಿನ್ ಹಿಂದ ಎಳದು ಮತ್ತ ಕೂಡಸ್ತೀನಿ."

"ಹಂಗಾದ್ರ ನಾಳಿಂದ ಬರಬ್ಯಾಡ!" ಸೇಠರು ಅವನ ಚೀಲವನ್ನೆತ್ತಿ ಗೇಟಿನಾಚೆ ಒಗೆದರು. ಇಪ್ಪತ್ತೆರಡು ವರ್ಷದ ಪಾನಾಗಳು ರಸ್ತೆಯ ಧೂಳಿನಲ್ಲಿ ಖಣಖಣ ಎಂದವು.

ಮನೆಯಲ್ಲಿ ಹೆಂಡತಿ ಮಂಗಲಾಗೆ ಏನೆಂದು ಹೇಳುವುದು? ಆದರೂ ವೈಜಿನಾಥ ಜಾಗ ಬಿಟ್ಟು ಕದಲಲಿಲ್ಲ. "ನಾಳಿಂದ ಬರಂಗಿಲ್ಲ, ಆತು. ಇವತ್ತಿನ ಕೆಲಸ ನಂದದ. ಯಾರರೆ ಮುಟ್ಟಿದ್ರ ನೋಡ್ರಿ!"

ಮುಟ್ಟಲು ಇದ್ದವರಾದರೂ ಯಾರು? ಉಳಿದ ಫಿಟ್ಟರುಗಳೆಲ್ಲ ಬಂದ್‌ನ ಮೆರವಣಿಗೆಗೆ ಹೋಗಿದ್ದರು. ಅವನೊಬ್ಬನೇ ಕಪ್ಪಿಯ ಚೈನೆಳೆದು ಎಂಜಿನ್ನನ್ನು ಹಿಂದಕ್ಕೆ ಸರಿಸಿ ಕನ್ವರ್ಟರಿಗೆ ಎರಡೂ ಅಂಗೈ ಕೊಟ್ಟ. ಅಷ್ಟರಲ್ಲಿ ಮೆರವಣಿಗೆ ಬಂದೇಬಿಟ್ಟಿತು. ತಮಟೆಯಂಥ ಡಪ್ಪಿನ ಸದ್ದಿಗೂ "ಜೈ ತೆಲಂಗಾಣ" ಎಂಬ ಕೂಗಿಗೂ ಗ್ಯಾರೇಜಿನ ತಗಡು ಅದುರುತ್ತಿತ್ತು. ಕನ್ವರ್ಟರ್ ಕೂತಾಗ ಬರುವ ಟಕ್ಕೆನ್ನುವ ಸದ್ದು ಕೇಳುವ ಆಸೆ ಬಿಟ್ಟು ಅವನು ಕಣ್ಣು ಮುಚ್ಚಿದ. ತುಸು ತಿರುಗಿಸಿದ, ಒತ್ತಿದ. ಮತ್ತೆ ತುಸು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಇದ್ದಕ್ಕಿದ್ದಂತೆ ಅಂಗೈಯಡಿಯ ಭಾರ ತಾನಾಗಿ ಒಳಕ್ಕೆ ಜಾರಿತು, ಒಂದು ಬೆರಳಿನಷ್ಟು.

ಎಂಜಿನ್ನನ್ನು ಮುಂದಕ್ಕೆ ತಂದು ಭುಜ ಕೊಟ್ಟು ನೂಕಿದ. ಸಂದು ಮುಚ್ಚಿಕೊಂಡಿತು.

"ಬರ್ರಿ ಸಾಹೇಬ್ರ, ಬೋಲ್ಟ್ ನೀವೇ ಹಾಕ್ರಿ. ಬರೇ ಬೆರಳಲೆ."

ಪ್ರಮೋದ ತೋಳು ಮಡಚಿ ಒಂದೊಂದಾಗಿ ತಿರುಗಿಸಿದ. ಎಲ್ಲವೂ ತಲೆಮಟ್ಟ ಹೋದವು. ಅವನು ಎಣ್ಣೆಯಾದ ಬೆರಳುಗಳನ್ನು ನೋಡಿಕೊಂಡ.

"ಅವತ್ತಿನ ಗಾಡೀನೂ ಹಿಂಗೇ ಕೂಡತಿತ್ರಿ," ಎಂದ ವೈಜಿನಾಥ, ಸೇಠರಿಗೆ ಕೇಳುವಂತೆ. "ಎಳದು ಬಿಗಿ ಅಂದವ್ರು ಇಲ್ಲೇ ನಿಂತಾರ."

ಸೇಠರು ಗಂಟಲು ಸರಿಮಾಡಿಕೊಂಡರು. "ಆತು ಬಿಡೊ. ಚೀಲ ತಗೊಂಬಾ, ಪೂರಾ ಬಿಗಿಯಾಕ ಪಾನಾ ಬೇಕಲ್ಲ."

"ನಾ ಒಗದಿಲ್ರಿ."

ಅವನು ಹಳೆಯ ಟೈರಿನ ಮೇಲೆ ಕಾಲು ಚಾಚಿ ಕೂತ. ಪ್ರಮೋದ ಸೇಠರ ಮುಖ ನೋಡಿದ.

ಸೇಠರು ಎತ್ತಿಕಟ್ಟಿದ್ದ ಲುಂಗಿ ಇಳಿಬಿಟ್ಟು ಗೇಟಿನಾಚೆ ಹೋದರು. ಮೆರವಣಿಗೆಯ ಜನ ಸುತ್ತುಹಾಕಿ ಸಾಗುತ್ತಿರಲು, ನಡುರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಪಾನಾಗಳನ್ನು ಒಂದೊಂದಾಗಿ ಆರಿಸಿ, ಧೂಳು ಒರೆಸಿ ಚೀಲಕ್ಕೆ ಹಾಕತೊಡಗಿದರು.