ಓರಗಿತ್ತಿಯರು ಮತ್ತು ರೋಮಿಂಗ್

"ಹಲೋ... ಹಲೋ... ಕೇಳಿಸ್ತಾ ಇದ್ಯಾ?"

"ಕೇಳಿಸ್ತಾ ಇದೆ ರೀ, ಹೇಳಿ!"

"ಏನು? ಹಲೋ?"

ಅಷ್ಟೇ. ಕರೆ ಕಡಿದುಹೋಯಿತು. ಮನೆಯವರೊಬ್ಬರು ಬೇರೆ ದೇಶಕ್ಕೆ ಹೋಗಿದ್ದರೆ ಈ ಮಾತುಗಳನ್ನು ನೀವೂ ಕೇಳಿರುತ್ತೀರಿ. ದೊಡ್ಡವಳ ಮನೆಯಲ್ಲಂತೂ ನಾಲ್ಕು ದಿನಕ್ಕೊಮ್ಮೆ ಇವಿಷ್ಟೇ ಕೇಳಿಸುತ್ತಿದ್ದವು.

ದೊಡ್ಡವಳು ಅಂದರೆ ಆ ಮನೆಯ ದೊಡ್ಡ ಸೊಸೆ. ಕೆಳಗಿನ ಮನೆಯಲ್ಲಿ ಕಿಟಕಿ ಬಾಗಿಲುಗಳ ಪರದೆ ಹೊಲಿಯುತ್ತಾಳೆ. ಮೇಲಿನ ಮನೆಯಲ್ಲಿರುವುದು ಅವಳ ಓರಗಿತ್ತಿ, ಚಿಕ್ಕವಳು. ಅವಳಿಗೆ ಮೊಬೈಲ್ ಕಂಪನಿಯ ಕಚೇರಿಯಲ್ಲಿ ಕೌಂಟರ್ ಕೆಲಸ. ಇಬ್ಬರ ಗಂಡಂದಿರು ಅಣ್ಣತಮ್ಮಂದಿರು, ಇಬ್ಬರೂ ಲಿಫ್ಟ್ ಕೂರಿಸುವ ಮೆಕ್ಯಾನಿಕ್‌ಗಳು. ಎರಡು ತಿಂಗಳ ಮಟ್ಟಿಗೆ ಹೊರದೇಶದಲ್ಲಿ ದೊಡ್ಡದೊಂದು ಕಟ್ಟಡ ಸಮುಚ್ಚಯದ ಕೆಲಸಕ್ಕೆ ಒಂದೇ ವಿಮಾನದಲ್ಲಿ ಹೋಗಿದ್ದರು.

ಒಂದೇ ವಿಮಾನ, ಒಂದೇ ಕೆಲಸ, ಕೈಯಲ್ಲಿದ್ದದ್ದೂ ಒಂದೇ ಕಂಪನಿಯ ಸಿಮ್. ಆದರೆ ಸಂಜೆ ಏಳು ಗಂಟೆಯಾದರೆ ಮೇಲಿನ ಮನೆಯ ಫೋನ್ ರಿಂಗಾಗುತ್ತಿತ್ತು, ಕೆಳಗಿನದು ಸುಮ್ಮನೆ ಬಿದ್ದಿರುತ್ತಿತ್ತು. ಚಿಕ್ಕವಳ ನಗು ಮೆಟ್ಟಿಲಿಳಿದು ಬರುತ್ತಿತ್ತು. ಆ ನಗು ಕೇಳಿಸಬಾರದೆಂದು ದೊಡ್ಡವಳು ಹೊಲಿಗೆ ಮೆಶಿನ್ ಓಡಿಸುತ್ತಿದ್ದಳು. ಎಷ್ಟೋ ಸಲ ಸೂಜಿಯ ಕೆಳಗೆ ಬಟ್ಟೆಯೇ ಇರುತ್ತಿರಲಿಲ್ಲ.

ನಗುವನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ಒಂದು ಸಂಜೆ ಚಿಕ್ಕವಳು ಕೆಳಗಿಳಿದು ಬಂದು, "ಅಕ್ಕಾ, ಭಾವನಿಗೆ ನೆಗಡಿ ಅಂತೆ. ನಿನ್ನೆ ಜ್ವರಾನೂ ಇತ್ತಂತೆ," ಎಂದಳು.

ತನ್ನ ಗಂಡನ ನೆಗಡಿ ತನಗಿಂತ ಮೊದಲು ಓರಗಿತ್ತಿಗೆ ಗೊತ್ತಾಗುವುದೆಂದರೆ!

"ಗೊತ್ತು. ನನಗೂ ಹೇಳಿದ್ರು," ಎಂದು ತಲೆ ಎತ್ತದೆ ದಾರ ಕಚ್ಚಿ ಕತ್ತರಿಸಿದಳು.

ಮರುದಿನ ಗಂಡ ತಮ್ಮನ ಫೋನಿನಿಂದ ಕರೆ ಮಾಡಿದ. ದೊಡ್ಡವಳು ಮೈಮೇಲೆ ಬಂದವಳಂತೆ ಕೂಗಾಡಿದಳು. "ನಿಮಗೆ ನಿಮ್ಮದೇ ಫೋನ್ ಇಲ್ವಾ? ಅವಳ ಗಂಡನ ಫೋನಲ್ಲಿ ನನ್ನ ಹತ್ರ ಮಾತಾಡೋದು ಬೇಡ!"

"ನನ್ನದ್ರಲ್ಲಿ ಸಿಗ್ನಲ್ಲೇ ಬರಲ್ಲ ಕಣೇ. ಕ್ಯಾಂಟೀನ್ ಹತ್ರ ವೈಫೈ ಸಿಕ್ಕಿದ್ರೆ ಮಾತ್ರ..."

"ಅವನಿಗೆ ಬರುತ್ತೆ, ನಿಮಗೆ ಬರಲ್ವಾ? ಮನಸ್ಸಿದ್ರೆ ಬರುತ್ತೆ!" ಎಂದು ಫೋನಿಟ್ಟಳು. ಪಾಪ, ಅವನು ಮತ್ತೆ ತಮ್ಮನ ಫೋನ್ ಮುಟ್ಟಲಿಲ್ಲ.

ಸಿಗ್ನಲ್ ಯಾಕೆ ಬರುವುದಿಲ್ಲ ಎಂಬುದು ದೊಡ್ಡವಳಿಗೆ ಒಳಗೊಳಗೇ ಗೊತ್ತಿತ್ತು. ಅಣ್ಣತಮ್ಮಂದಿರು ಹೊರಡುವ ಹಿಂದಿನ ದಿನ ಚಿಕ್ಕವಳು ಕೈಯಲ್ಲೊಂದು ಹಾಳೆ ಹಿಡಿದು ಬಂದಿದ್ದಳು. "ಅಕ್ಕಾ, ಭಾವನ ನಂಬರಿಗೆ ರೋಮಿಂಗ್ ಹಾಕಿಸ್ಬೇಕು. ಇಲ್ಲಾಂದ್ರೆ ಅಲ್ಲಿ ಇಳಿದ ಮೇಲೆ ಫೋನ್ ಕೆಲಸ ಮಾಡಲ್ಲ. ಇದರಲ್ಲಿ ಒಂದು ಸಹಿ ಸಾಕು." ಅದೇ ಬೆಳಿಗ್ಗೆ ಗಂಡ, "ನಮ್ಮ ಚಿಕ್ಕವಳು ಬಲು ಚುರುಕು, ಅವಳನ್ನ ಕೇಳಿದ್ರೆ ಎಲ್ಲಾ ಸಲೀಸು," ಎಂದು ಹೊಗಳಿದ್ದ. ಆ ಮಾತು ದೊಡ್ಡವಳನ್ನು ಚುಚ್ಚಿತ್ತು.

"ಎಲ್ಲಾ ಆಗಿದೆ. ನಾವೇ ಹಾಕಿಸ್ಕೊಂಡ್ವಿ," ಎಂದು ಬಾಗಿಲಲ್ಲೇ ಸುಳ್ಳು ಹೇಳಿ ಅವಳನ್ನು ಕಳಿಸಿಬಿಟ್ಟಿದ್ದಳು. ಗಂಡನಿಗೆ ಏನನ್ನೂ ಹೇಳಲಿಲ್ಲ.

ಹೀಗೆ ಮೂರು ವಾರ ಕಳೆಯಿತು. ಒಂದು ಮಧ್ಯಾಹ್ನ ದೊಡ್ಡವಳ ಮಗಳು ಅಡುಗೆಮನೆಗೆ ಓಡಿಬಂದಳು.

"ಅಮ್ಮಾ! ಫಿಸಿಯೋಥೆರಪಿ ಸೀಟು ಸಿಕ್ತು! ಕಾಯೋರ ಪಟ್ಟಿಯಿಂದ ನನ್ನ ಹೆಸರು ಮೇಲೆ ಬಂದಿದೆ!"

ದೊಡ್ಡವಳು ಸೌಟು ಬಿಟ್ಟು ಮಗಳನ್ನು ತಬ್ಬಿಕೊಂಡಳು. ಮಗಳು ಎರಡು ವರ್ಷದಿಂದ ಕನವರಿಸುತ್ತಿದ್ದ ಸೀಟು ಅದು.

"ಆದ್ರೆ ಇವತ್ತು ನಾಲ್ಕು ಗಂಟೆಯೊಳಗೆ ಒಪ್ಪಿಗೆ ಕೊಡ್ಬೇಕು. ಇಲ್ಲಾಂದ್ರೆ ಮುಂದಿನವರಿಗೆ ಹೋಗುತ್ತೆ. ಒಪ್ಪಿಗೆಗೆ ಬೇಕಾದ ಓಟಿಪಿ ಸಂದೇಶ ಬರೋದು ಅಪ್ಪನ ನಂಬರಿಗೆ."

ದೊಡ್ಡವಳು ಒಲೆ ಆರಿಸಿ ಫೋನ್ ಕೈಗೆತ್ತಿಕೊಂಡಳು.

ಕಾಲೇಜಿಗೆ ಫೋನ್ ಮಾಡಿದರು. ನಂಬರ್ ಬದಲಾಯಿಸಲು ತಂದೆಯ ಸಹಿ ಇರುವ ಪತ್ರ ಬೇಕು, ಎರಡು ದಿನ ಹಿಡಿಯುತ್ತದೆ ಎಂದರು. ಮೊಬೈಲ್ ಕಂಪನಿಯ ಸಹಾಯವಾಣಿಗೆ ಮಾಡಿದರು. ಒಂದು ಒತ್ತಿ, ಮೂರು ಒತ್ತಿ, ಮತ್ತೆ ಒಂದು ಒತ್ತಿ. ಆಮೇಲೆ ಒಂದೇ ಸಮನೆ ಸಂಗೀತ. ನಡುನಡುವೆ ಒಬ್ಬಳು, "ನಿಮ್ಮ ಕರೆ ನಮಗೆ ಬಹಳ ಮುಖ್ಯ," ಎನ್ನುತ್ತಿದ್ದಳು.

"ಮುಖ್ಯ ಆದ್ರೆ ಎತ್ತಬೇಕಲ್ವಾ ಮಾರಾಯ್ತಿ!" ದೊಡ್ಡವಳು ಫೋನಿಗೇ ಬೈದಳು.

"ಅಮ್ಮಾ, ಅದು ರೆಕಾರ್ಡ್ ಮಾಡಿಟ್ಟಿರೋದು."

"ಇರ್ಲಿ, ಕೇಳಿಸ್ಕೊಳ್ಳಲಿ."

ನಲವತ್ತು ನಿಮಿಷ ಕಾದರೂ ಯಾರೂ ಎತ್ತಲಿಲ್ಲ. ಮಗಳು ಮೆಲ್ಲಗೆ, "ಚಿಕ್ಕಮ್ಮನ ಆಫೀಸಿಗೆ ಹೋಗೋಣ," ಎಂದಳು.

"ಬೇರೆ ಆಫೀಸು ಇಲ್ವಾ?"

"ಇದೆ. ಬಸ್ಸಲ್ಲಿ ಎರಡು ಗಂಟೆ ದಾರಿ. ಈಗ್ಲೇ ಒಂದೂವರೆ ಆಯ್ತು ಅಮ್ಮಾ."

ಮೊಬೈಲ್ ಕಚೇರಿಯಲ್ಲಿ ಟೋಕನ್ ಹರಿದುಕೊಟ್ಟರು: ನಲವತ್ತೇಳು. ಗೋಡೆಯ ಮೇಲೆ ನಲವತ್ತೊಂದು ಹೊಳೆಯುತ್ತಿತ್ತು. ಗಾಜಿನ ಹಿಂದೆ ಚಿಕ್ಕವಳು ನೀಲಿ ಸಮವಸ್ತ್ರದಲ್ಲಿ, ತಲೆ ಬಗ್ಗಿಸಿಕೊಂಡು ಟೈಪ್ ಮಾಡುತ್ತಿದ್ದಳು. ಅವಳ ಮುಂದಿದ್ದ ಚಹಾದ ಮೇಲೆ ಕೆನೆ ಕಟ್ಟಿತ್ತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸೊಬ್ಬಳು, "ಈ ಮೇಡಂ ಇದ್ರೆ ಕೆಲಸ ಆಗುತ್ತೆ ನೋಡಿ," ಎಂದಳು. ಇಲ್ಲೂ ಹೊಗಳಿಕೆ! ದೊಡ್ಡವಳು ಮುಖ ತಿರುಗಿಸಿಕೊಂಡಳು.

ಅಷ್ಟರಲ್ಲಿ ಒಬ್ಬ ಗ್ರಾಹಕ ಗಾಜಿಗೆ ಬಡಿದು ಕೂಗಾಡತೊಡಗಿದ. "ಎಂಟು ದಿನ ಹೊರಗೆ ಹೋಗಿ ಬಂದಿದ್ದಕ್ಕೆ ತಿಂಗಳ ಸಂಬಳದಷ್ಟು ಬಿಲ್ಲಾ? ನಾನು ಒಂದು ಕರೆನೂ ಮಾಡಿಲ್ಲ! ಹಗಲು ದರೋಡೆ ಇದು!"

"ಕರೆ ಮಾಡಿಲ್ಲ ಸರ್, ನಿಜ. ಆದ್ರೆ ಪ್ಯಾಕ್ ಇಲ್ಲದೆ ಡೇಟಾ ರೋಮಿಂಗ್ ಆನ್ ಇತ್ತು. ನೀವು ಮಲಗಿದ್ದಾಗ್ಲೂ ಫೋನು ಫೋಟೋ, ವಿಡಿಯೋ ಎಲ್ಲಾ ತಾನೇ ಕಳಿಸ್ತಾ ಇತ್ತು."

"ಕಳಿಸು ಅಂತ ನಾನು ಹೇಳಿದ್ನಾ?"

"ಬೇಡ ಅಂತಾನೂ ಹೇಳಿರ್ಲಿಲ್ಲ ಸರ್."

ಸಾಲಿನಲ್ಲಿದ್ದವರು ನಕ್ಕರು. ಅವನು ಇನ್ನಷ್ಟು ಕೆರಳಿ ಬಾಯಿಗೆ ಬಂದಂತೆ ಬೈದ. ಚಿಕ್ಕವಳು ಅರ್ಜಿ ಬರೆದುಕೊಂಡು, ಬಿಲ್ಲನ್ನು ಮೇಲಿನವರ ಪರಿಶೀಲನೆಗೆ ಕಳಿಸಿ, ರಸೀದಿ ಕೊಟ್ಟಳು. ಅವನು ಹೋದ ಮೇಲೆ ಮೇಜಿನ ಮೇಲೆ ತನ್ನ ಎರಡೂ ಕೈಗಳನ್ನು ಒಂದು ಕ್ಷಣ ಗಟ್ಟಿಯಾಗಿ ಹಿಡಿದುಕೊಂಡಳು. ಅದು ದೊಡ್ಡವಳಿಗೆ ಕಾಣಿಸಿತು.

ನಲವತ್ತೇಳು ಬಂದಾಗ ಗಂಟೆ ಎರಡೂ ಮುಕ್ಕಾಲು.

"ಅಕ್ಕಾ! ನೀವಾ? ಏನಾಯ್ತು?"

"ನಿಮ್ಮ ಭಾವನ ಫೋನಲ್ಲಿ ರೋಮಿಂಗ್ ಇಲ್ಲ. ಇವಳ ಸೀಟಿನ ಓಟಿಪಿ ಅದಕ್ಕೇ ಬರ್ಬೇಕು. ನಾಲ್ಕು ಗಂಟೆಗೆ ಕೊನೆ."

"ಅವತ್ತೇ ಹಾಕಿಸಿದ್ವಿ ಅಂದ್ರಲ್ಲಕ್ಕ?"

ದೊಡ್ಡವಳ ಬಾಯಿಗೆ ಮತ್ತೊಂದು ಸುಳ್ಳು ತಾನಾಗಿಯೇ ಬಂತು. "ಹಾಕಿಸಿದ್ವಿ. ನಿಮ್ಮ ಕಂಪನಿಯವರೇ ತೆಗೆದಿರ್ಬೇಕು."

ಚಿಕ್ಕವಳ ಮುಖ ಸಣ್ಣದಾಯಿತು. "ಹಾಕಿದ್ದು ಹೋಗಿದೆ ಅಂದ್ರೆ ಅದು ದೂರು ಆಗುತ್ತೆ ಅಕ್ಕ. ನಾನು ಬರ್ಕೋತೀನಿ, ಆದ್ರೆ ತಾಂತ್ರಿಕ ವಿಭಾಗ ನೋಡೋಕೆ ಎರಡು ದಿನ ಬೇಕು. ಹೊಸದಾಗಿ ಹಾಕಿಸೋದಾಗಿದ್ರೆ ಹತ್ತು ನಿಮಿಷದ ಕೆಲಸ."

ಮಗಳು ಅಮ್ಮನನ್ನೇ ನೋಡುತ್ತಿದ್ದಳು. ಹಿಂದಿನಿಂದ ಯಾರೋ, "ಬೇಗ ಬೇಗ ಮುಗಿಸೀಮ್ಮಾ," ಎಂದರು. ಒಂದು ಮಾತಿನಲ್ಲಿ ಮಾನ ಹೋಗುತ್ತದೆ, ಇನ್ನೊಂದರಲ್ಲಿ ಮಗಳ ಸೀಟು ಹೋಗುತ್ತದೆ. ದೊಡ್ಡವಳು ಗಾಜಿನ ಕಿಂಡಿಗೆ ಬಾಗಿದಳು.

"ಹಾಕಿಸಿರ್ಲಿಲ್ಲ ಕಣೇ. ಸುಳ್ಳು ಹೇಳ್ದೆ."

"ಯಾಕಕ್ಕಾ?"

"ಹೊಟ್ಟೆಕಿಚ್ಚು."

ಚಿಕ್ಕವಳು ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ನನಗೇನು ಕಡಿಮೆ ಇದೆಯಾ ಅಕ್ಕ? ಸಂಜೆ ನಿಮ್ಮ ಮೆಶಿನ್ ಸದ್ದು ಕೇಳಿದ್ರೆ ಸಾಕು. ಅಷ್ಟು ಕೆಲಸ ಇರೋರಿಗೆ ಗಂಡ ದೂರ ಇದ್ರೂ ಬೇಜಾರೇ ಆಗಲ್ಲ, ಮಗಳೂ ಜೊತೇಲಿದ್ದಾಳೆ, ಪುಣ್ಯವಂತೆ ಅಂತ ಉರ್ಕೋತಾ ಇರ್ತೀನಿ. ಸಿಮ್ ಯಾರ ಹೆಸರಲ್ಲಿದೆ?"

ಮೆಶಿನ್ ಖಾಲಿ ಓಡುತ್ತಿತ್ತೆಂದು ಹೇಳಲು ದೊಡ್ಡವಳಿಗೆ ಬಾಯಿ ಬರಲಿಲ್ಲ. "ನನ್ನ ಹೆಸರಲ್ಲೇ. ಸಿಮ್ ತಗೊಂಡಾಗ ಅವರ ಗುರುತಿನ ಚೀಟಿ ಕಳೆದುಹೋಗಿತ್ತು."

"ಒಳ್ಳೇದೇ ಆಯ್ತು. ನೀವೇ ಸಹಿ ಮಾಡಬಹುದು. ನಿಮ್ಮ ಗುರುತಿನ ಚೀಟಿ ಕೊಡಿ."

ಅರ್ಜಿ, ಸಹಿ, ಮುಖದ ಫೋಟೋ. ಸೇವೆ ಶುರುವಾಗುವ ಹೊತ್ತಿಗೆ ಮೂರು ಗಂಟೆ. ಚಿಕ್ಕವಳು ಮೇಲಧಿಕಾರಿಯ ಅನುಮತಿ ಕೇಳಿ, ತನ್ನ ಫೋನಿನಿಂದ ಗಂಡನಿಗೆ ಕರೆ ಮಾಡಿದಳು.

"ರೀ, ಎಲ್ಲಿದ್ದೀರಿ? ಭಾವನ ಹತ್ರ ಓಡಿ. ಅವರ ಫೋನ್ ಆಫ್ ಮಾಡಿ ಮತ್ತೆ ಆನ್ ಮಾಡ್ಸಿ. ಕರೆ ಕಟ್ ಮಾಡ್ಬೇಡಿ."

ಮೈದುನ ಒಂಬತ್ತನೇ ಮಹಡಿಯಲ್ಲಿದ್ದ. ದೊಡ್ಡವಳ ಗಂಡ ಪಕ್ಕದ ಕಟ್ಟಡದಲ್ಲಿದ್ದ. ಲಿಫ್ಟ್ ಕೂರಿಸುವವರಿಗೇ ಲಿಫ್ಟ್ ಇಲ್ಲ, ಕೂರಿಸಿದ ಮೇಲೆ ತಾನೇ ಅದು ಓಡುವುದು! ಮೈದುನ ಮೆಟ್ಟಿಲಿಳಿದು ಓಡುವ ಸದ್ದು, ಏದುಸಿರು, ಎಲ್ಲವೂ ಇಲ್ಲಿಗೆ ಕೇಳಿಸಿತು.

"ಆನ್ ಮಾಡಿದ್ವಿ. ಸಿಗ್ನಲ್ ಇಲ್ಲ!"

"ಸೆಟ್ಟಿಂಗ್ಸ್‌ಗೆ ಹೋಗಿ ನೆಟ್‌ವರ್ಕ್ ಆಯ್ಕೆ ಮಾಡಿ. 'ತಾನಾಗಿಯೇ' ಅಂತ ಇರೋದನ್ನ ತೆಗೀರಿ. ಅಲ್ಲಿನ ಕಂಪನಿಗಳ ಹೆಸರು ಬರುತ್ತೆ. ಎಲ್ಲಾ ಕಂಪನಿ ಜೊತೆ ನಮಗೆ ಒಪ್ಪಂದ ಇಲ್ಲ. ನಿಮ್ಮ ಫೋನಲ್ಲಿ ಯಾವುದು ಇದೆಯೋ ಅದನ್ನೇ ಒತ್ತಿ. ಡೇಟಾ ರೋಮಿಂಗ್ ಮುಟ್ಟಬೇಡಿ, ಅದು ಆಫ್ ಇರ್ಲಿ."

ನಿಮಿಷಗಳು ಜಾರಿದವು. ಮೂರೂವರೆ ಆಯಿತು. ಇದ್ದಕ್ಕಿದ್ದಂತೆ ಆ ಕಡೆ ಟಣ್ ಟಣ್ ಎಂದು ಒಂದರ ಹಿಂದೊಂದು ಸಂದೇಶ ಬೀಳುವ ಸದ್ದಾಯಿತು.

"ಬಂತು! ಸಿಗ್ನಲ್ ಬಂತು!" ದೊಡ್ಡವಳ ಗಂಡ ಕೂಗಿದ.

ಮಗಳು ಓಟಿಪಿಗೆ ಒತ್ತಿದಳು. ಅದು ತಲುಪುವಷ್ಟರಲ್ಲಿ ಅವಧಿ ಮುಗಿದಿತ್ತು. ಮತ್ತೆ ಒತ್ತಿದಳು. ಹಿಂದೆ ಅವಸರ ಮಾಡುತ್ತಿದ್ದವರೂ ಈಗ ಕತ್ತು ಚಾಚಿ ನೋಡುತ್ತಿದ್ದರು. ಅಪ್ಪ ಒಂದೊಂದೇ ಅಂಕಿ ಓದಿದ, ಮಗಳು ಒಂದೊಂದೇ ಒತ್ತಿದಳು. ಮೂರು ನಲವತ್ತೆಂಟಕ್ಕೆ ತೆರೆಯ ಮೇಲೆ ಹಸಿರು ಅಕ್ಷರ ಮೂಡಿತು: ನಿಮ್ಮ ಸೀಟು ಖಚಿತವಾಗಿದೆ.

ಮಗಳು ಅಲ್ಲೇ ಅತ್ತುಬಿಟ್ಟಳು. ಚಿಕ್ಕವಳು ಗಾಜಿನ ಕಿಂಡಿಯಿಂದ ಫೋನನ್ನು ದೊಡ್ಡವಳ ಕಡೆ ನೀಡಿದಳು.

"ಏನಮ್ಮಾ," ಗಂಡನ ದನಿ ಬಂತು, "ತಮ್ಮನ ಫೋನಲ್ಲಿ ನಾನೀಗ ಮಾತಾಡಬಹುದಾ, ಇಲ್ಲಾ ಇಡಲಾ?"

"ಇಡ್ಬೇಡಿ ರೀ," ಎಂದಳು ದೊಡ್ಡವಳು. "ನೆಗಡಿ ಹೋಯ್ತಾ?"

ಅದಾಗಿ ವಾರವಾಯಿತು. ಪರದೆ ಹೊಲಿಸಲು ಬಂದ ಅಜ್ಜಿಯೊಬ್ಬರು, ಮೊಮ್ಮಗುವನ್ನು ನೋಡಲು ಹೊರದೇಶಕ್ಕೆ ಹೊರಟಿದ್ದೇನೆಂದರು. ದೊಡ್ಡವಳು ಅಳತೆಯ ಟೇಪ್ ಕೆಳಗಿಟ್ಟಳು. "ಎಲ್ಲಿ, ನಿಮ್ಮ ಫೋನ್ ಕೊಡಿ ಇಲ್ಲಿ. ರೋಮಿಂಗ್ ಹಾಕಿಸಿದ್ದೀರಾ?"

"ಅಲ್ಲಿ ಹೋದ ಮೇಲೆ ಬೇರೆ ಸಿಮ್ ಹಾಕ್ಕೊಂಡ್ರಾಯ್ತು ಬಿಡಮ್ಮ. ಇದನ್ನ ಕಿತ್ತಿಡ್ತೀನಿ."

"ಕಿತ್ತಿಡ್ಬೇಡಿ! ಇದು ಒಳಗೇ ಇರ್ಲಿ, ಅದು ಎರಡನೇ ಜಾಗದಲ್ಲಿ ಕೂರ್ಲಿ. ಇದನ್ನ ಕಿತ್ರೆ ಬ್ಯಾಂಕಿನ ಸಂದೇಶ ಎಲ್ಲಿಗೆ ಬರುತ್ತೆ?"

ಅಜ್ಜಿ ಬೆರಗಾದರು. "ಪರದೆ ಹೊಲಿಯೋಳಿಗೆ ಇಷ್ಟೆಲ್ಲಾ ಹೇಗೆ ಗೊತ್ತು?"

ದೊಡ್ಡವಳು ಟೇಪನ್ನು ಮತ್ತೆ ಕೈಗೆತ್ತಿಕೊಂಡು, "ನಮ್ಮ ಚಿಕ್ಕವಳು ಹೇಳ್ಕೊಟ್ಟಿದ್ದು. ಅವಳು ಇದರಲ್ಲಿ ಬಲು ಚುರುಕು," ಎಂದಳು.

ಓದುವವರೇ, ಕೇಳುವವರೇ, ನಿಮ್ಮ ಮನೆಯಿಂದಲೂ ಯಾರಾದರೂ ಹೊರದೇಶಕ್ಕೆ ಹೊರಟಿದ್ದಾರೆಯೇ? ಹಾಗಿದ್ದರೆ ಬಟ್ಟೆ ಮಡಿಸುವ ಮೊದಲು ಫೋನನ್ನು ಕೈಗೆ ತೆಗೆದುಕೊಳ್ಳಿ. ಎರಡು ಮೂರು ದಿನ ಮುಂಚೆಯೇ ರೋಮಿಂಗ್ ಹಾಕಿಸಿ. ಕರೆಗೆ ಎಷ್ಟು, ಸಂದೇಶಕ್ಕೆ ಎಷ್ಟು, ಡೇಟಾಕ್ಕೆ ಎಷ್ಟು ಎಂದು ಬಾಯಿಬಿಟ್ಟು ಕೇಳಿ, ಪ್ಯಾಕ್ ಇದ್ದರೆ ಅದು ಎಷ್ಟು ದಿನಕ್ಕೆಂದು ಬರೆದಿಟ್ಟುಕೊಳ್ಳಿ. ಪ್ಯಾಕ್ ಇಲ್ಲದಿದ್ದರೆ ವಿಮಾನ ಹತ್ತುವ ಮೊದಲೇ ಡೇಟಾ ರೋಮಿಂಗ್ ಆಫ್ ಮಾಡಿ. ಅಲ್ಲಿ ಇಳಿದ ಮೇಲೆ ಸಿಗ್ನಲ್ ಬರದಿದ್ದರೆ ಗಾಬರಿ ಬೇಡ, ನೆಟ್‌ವರ್ಕನ್ನು ಕೈಯಾರೆ ಆರಿಸಿ ನೋಡಿ. ಶಾಲೆ, ಕಾಲೇಜು, ಬ್ಯಾಂಕುಗಳಲ್ಲಿ ಅವಕಾಶವಿದ್ದರೆ ಮನೆಯಲ್ಲಿ ಉಳಿಯುವವರ ನಂಬರನ್ನೂ ಸೇರಿಸಿ. ಓಟಿಪಿ ಮನೆಯವರ ನಡುವೆಯೇ ಇರಲಿ, ಯಾರೋ ಫೋನ್ ಮಾಡಿ ಕೇಳಿದರೆ ಕೊಡಬೇಡಿ.

ಇದೆಲ್ಲ ನಿಮಗೆ ತಿಳಿಯದಿದ್ದರೆ ತಿಳಿದವರನ್ನು ಕೇಳಿ. ಅವರನ್ನು ಕಂಡರೆ ನಿಮಗೆ ಚೂರು ಹೊಟ್ಟೆಕಿಚ್ಚಿದ್ದರೂ ಪರವಾಗಿಲ್ಲ, ಕೇಳಿ.