ಹದಿಮೂರನೆಯ ಚಿತ್ರ

ಮೊದಲ ಬಹುಮಾನ ಬಂದ ಮೂರನೆಯ ದಿನ ನನ್ನ ಕೈಕಾಲು ತಣ್ಣಗಾದವು.

ಬಿಷ್ಕೆಕ್‌ನ ಫೋಟೋ ಪ್ರದರ್ಶನ ಅದು. ಆಲ್ಮಾಟಿಯಲ್ಲಿ ಎರಡನೆಯ ಬಹುಮಾನ, ತಾಷ್ಕೆಂಟಿನಲ್ಲಿ ಮೆಚ್ಚುಗೆ ಪತ್ರ, ಈಗ ಸ್ವಂತ ಊರಿನಲ್ಲೇ ಮೊದಲನೆಯದು. ಐವತ್ತರ ಹೊಸ್ತಿಲಲ್ಲಿರುವ ಹೆಂಗಸು, ಬುರುಲ್ ಎಂಬ ನಾನು, ಹೊಸ ಬಟ್ಟೆ ತೊಟ್ಟು ಮದುಮಗಳ ಹಾಗೆ ಮೆರೆಯುತ್ತಿದ್ದೆ. ಗೆದ್ದ ಚಿತ್ರ ಜಿಪಾರ್ ಎಂಬ ಹುಡುಗಿಯದು. ಓಶ್ ಹೆದ್ದಾರಿ ಪಕ್ಕ, ಸೂಸಮೀರ್ ಕಣಿವೆಯಲ್ಲಿ, ಒಬ್ಬ ಮುದುಕಿಯ ಗುಡಾರದ ಮುಂದೆ ನಿಂತು ಕುಮಿಸ್ ಮಾರುವವಳು. ಕೈಯಲ್ಲಿ ಆ ಹುಳಿ ಕುದುರೆ ಹಾಲಿನ ಬಾಟಲಿ, ನೇರ ನೋಟ.

ಆ ಚಿತ್ರದ ಮುಂದೆ ಒಬ್ಬ ಅಲುಗದೆ ನಿಂತಿದ್ದ. ಮೂವತ್ತರ ಆಸುಪಾಸು, ಗರಿಗರಿ ಬಿಳಿ ಅಂಗಿ.

"ಎಜೆ," ಅಂದ. ತಮ್ಮ ಅಕ್ಕನನ್ನು ಕರೆಯುವ ಹಾಗೆ, ಬಾಯಲ್ಲಿ ಜೇನು. "ಎಷ್ಟ್ ಚೆನ್ನಾಗ್ ತೆಗ್ದಿದ್ದೀರಿ! ಯಾವ ಜಾಗ ಇದು?"

"ನಾರಿನ್ ಕಡೆ," ಅಂದೆ. ಯಾಕೆ ಸುಳ್ಳು ಹೇಳಿದೆನೋ! ಅವನ ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

"ಇವ್ಳು ನನ್ನ ಹೆಂಡ್ತಿ. ತಲೆಗೆ ಬಿಳಿ ವಸ್ತ್ರ ಹೊದಿಸಿ ಮನೆ ತುಂಬಿಸ್ಕೊಂಡಿದ್ವಿ. ಹೊಸ್ತಿಲು ದಾಟಿ ಓಡ್ಹೋದ್ಳು. ಸಿಗ್ಲಿ, ಮತ್ತೆ ಓಡೋಕೆ ಕಾಲೇ ಇರಲ್ಲ."

ಮನೆ ತುಂಬಿಸಿಕೊಂಡರಂತೆ! ಬಸ್ಸಿಗೆ ಕಾಯುತ್ತಿದ್ದವಳನ್ನು ನಾಲ್ಕು ಜನ ಕಾರಿಗೆ ತುಂಬಿ ಹೊತ್ತೊಯ್ದಿದ್ದರು. ಜಿಪಾರ್ ನನಗೆ ಎಲ್ಲ ಹೇಳಿದ್ದಳು. "ತೆಗೀರಿ ಎಜೆ, ಆದ್ರೆ ಯಾರಿಗೂ ತೋರಿಸ್ಬೇಡಿ" ಅಂದಿದ್ದಳು. "ಅಯ್ಯೋ ಹುಚ್ಚಿ, ಯಾರು ನೋಡ್ತಾರೆ" ಅಂದಿದ್ದೆ. ತಲೆ ತಗ್ಗಿಸಿದವಳಿಗೆ "ಇಲ್ಲಿ, ನನ್ನ ಕಡೆ ನೋಡು" ಅಂದವಳೂ ನಾನೇ. ರೋಲು ತೊಳೆದು ಆ ಮುಖ ಕಂಡ ದಿನ ಕೊಟ್ಟ ಮಾತು ಗಾಳಿಗೆ ಹೋಯಿತು. ಆಸೆ ಕಣ್ಣು ಕಟ್ಟಿತು, ಬೇರೇನಿಲ್ಲ.

ಅವನು ಪಕ್ಕದ ಗಾಜಿನ ಪೆಟ್ಟಿಗೆಗೆ ಬಗ್ಗಿದ. ಮೊಬೈಲಿನಲ್ಲಿ ಏನೋ ಕ್ಲಿಕ್ಕಿಸಿಕೊಂಡ. "ನಾರಿನ್ ಕಡೆ ಅಂದ್ರಲ್ಲ ಎಜೆ?" ಎಂದು ನಕ್ಕು ಹೊರಟೇ ಹೋದ.

ನಾನೂ ಬಗ್ಗಿದೆ. ಇಡೀ ರೋಲಿನ ಮೂವತ್ತಾರು ಚಿತ್ರಗಳನ್ನು ಸಾಲಾಗಿ ಒಂದೇ ಹಾಳೆಯಲ್ಲಿ ಮುದ್ರಿಸಿ ಅಲ್ಲಿಟ್ಟಿದ್ದೆ. ಮೊಬೈಲಿನವರ ಹಾಗೆ ಸಾವಿರ ತೆಗೆದು ಒಂದು ಆರಿಸುವವಳಲ್ಲ ಎಂದು ಜಂಬ ಕೊಚ್ಚಲು. ಹದಿಮೂರನೆಯದು ಜಿಪಾರ್. ಹನ್ನೆರಡನೆಯದು ಓಶ್ ಹೆದ್ದಾರಿಯ ನೀಲಿ ಫಲಕ: ಬಿಷ್ಕೆಕ್‌ನಿಂದ ೧೬೫ ಕಿಲೋಮೀಟರ್.

ಪೊಲೀಸರಿಗೆ ಫೋನು ಮಾಡಿದೆ. ಆ ಕಣಿವೆ ತಲುಪಲು ತಮಗೂ ಹೊತ್ತು ಬೇಕು ಎಂದರು. ಜಿಪಾರ್ ಬಳಿ ಫೋನಿಲ್ಲ. ಹನ್ನೊಂದು ವರ್ಷದಿಂದ ನನ್ನನ್ನು ದಾರಿ ದಾರಿ ಸುತ್ತಿಸುವ ಎಸೆನ್ ಬೈಕೆಯ, ಅಂದರೆ ಎಸೆನ್ ಅಣ್ಣನ, ಜೀಪಿಗೆ ಓಡಿದೆ.

ನಡೆದದ್ದನ್ನು ಕೇಳಿದ ಮೇಲೆ ಆ ಮುದುಕ ಗೇರು ಎಳೆದ ರಭಸಕ್ಕೆ ಜೀಪು ನರಳಿತು. "ನಿನ್ನ ಬಾಯಿಗೆ ಲಗಾಮಿಲ್ಲ ಅಂತ ಗೊತ್ತಿತ್ತು ಬುರುಲ್. ಕ್ಯಾಮೆರಾಕ್ಕೂ ಇಲ್ವಾ?"

"ಬೈ, ಬೈಕೆ. ಬೈತಾನೇ ಓಡ್ಸು."

ಕಣಿವೆಗೆ ಹತ್ತುವ ತಿರುವುಗಳಲ್ಲಿ ಮುಂದೆ ಕಂಡ ಕಾರೆಲ್ಲ ಅವನದೇ ಅನ್ನಿಸುತ್ತಿತ್ತು. ಕಣಿವೆಯ ಬಾಯಿಗಿರುವ ಸುರಂಗದ ಕತ್ತಲೆ ಹೊಕ್ಕೆವು. ಆಚೆ ಬಂದಾಗ ಎಸೆನ್ ಬೈಕೆ ತಟ್ಟನೆ ಕೇಳಿದ: "ಆ ರೋಲು ಹೋಗ್ತಾ ತೆಗ್ದಿದ್ದಾ, ಬರ್ತಾ ತೆಗ್ದಿದ್ದಾ?"

"ಬರ್ತಾ. ಓಶ್‌ನಲ್ಲಿ ಹಾಕಿದ ರೋಲು..."

"ಹಾಗಾದ್ರೆ ಫಲಕ ಮೊದ್ಲು, ಹುಡುಗಿ ಆಮೇಲೆ. ಅಂದ್ರೆ ಊರ ಕಡೆಯಿಂದ ಹೋಗೋನಿಗೆ ಹುಡುಗಿ ಮೊದ್ಲೇ ಸಿಗ್ತಾಳೆ. ಅವ್ನು ಫಲಕ ದಾಟಿ ಹುಡುಕ್ತಾ ಇರ್ತಾನೆ!"

ದೇವರೇ, ಹಾಗೇ ಆಗಲಿ ಎಂದುಕೊಂಡೆ. ನೂರ ಐವತ್ತೆಂಟನೆಯ ಕಿಲೋಮೀಟರಿನಲ್ಲಿ ಜಿಪಾರ್ ಬಾಟಲಿಗಳನ್ನು ಒರೆಸಿ ಜೋಡಿಸುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ಆ ನಗು ನೋಡಲಾಗಲಿಲ್ಲ.

"ಅವ್ನು ಬಂದಿದ್ದಾನೆ. ಹತ್ತು!"

ಹೇಗೆ ಗೊತ್ತಾಯಿತು ಎಂದು ಅವಳು ಕೇಳಲಿಲ್ಲ. ಕೈಲಿದ್ದ ಬಾಟಲಿ ಅಲ್ಲೇ ಬಿಟ್ಟು ಜೀಪಿನ ಕಡೆ ಓಡಿದಳು. ಮುದುಕಿ ಅವಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಮೇಲೆ ಉಣ್ಣೆಯ ಕಂಬಳಿ ಎಳೆದು, ಕುಮಿಸ್‌ನ ಕ್ಯಾನು ನನ್ನ ಮಡಿಲಿಗೆ ತುರುಕಿದಳು.

ಊರ ಕಡೆ ತಿರುಗಿ ಎರಡು ಕಿಲೋಮೀಟರೂ ಬಂದಿರಲಿಲ್ಲ. ಹಿಂದಿನಿಂದ ಹಾರನ್ನು. ಒಂದು ಬಿಳಿ ಕಾರು ನಮ್ಮನ್ನು ದಾಟಿ ಅಡ್ಡ ನಿಂತಿತು.

ಅವನು ಇಳಿದು ನಿಧಾನಕ್ಕೆ ಬಂದ. "ಎಜೆ! ನೀವೂ ಇಲ್ಲೇ? ನಾರಿನ್ ಇಷ್ಟು ಹತ್ರ ಬಂತಾ?"

"ಕುಮಿಸ್‌ಗೆ ಬಂದಿದ್ವಿ," ಅಂದೆ.

"ಬಾಯಾರಿಕೆ. ನಂಗೂ ಒಂದು ಬಟ್ಟಲು ಕೊಡಿ."

ದಾರಿಯಲ್ಲಿ ಕೇಳಿದವನಿಗೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಇಲ್ಲ ಎಂದರೆ ಅಲ್ಲೇ ಅನುಮಾನ. ಕೈ ನಡುಗಿ ಅರ್ಧ ಚೆಲ್ಲಿತು. ಬೈಕೆ ನನ್ನ ಕೈಯಿಂದ ಕಿತ್ತುಕೊಂಡ. "ಬಿಡು, ನಿನ್ನ ವಾತದ ಕೈ!" ಎಂದು ತುಂಬಿಸಿ ಕೊಟ್ಟ. ಕಾರಿನವನು ಕಿಟಕಿಗೆ ಮೊಣಕೈ ಊರಿ ಗುಟುಕು ಗುಟುಕಾಗಿ ಕುಡಿದ. ಅವನ ಕಣ್ಣು ಹಿಂದಿನ ಸೀಟಿನ ಮೇಲೆ ಓಡಾಡಿತು. ಚೀಲ, ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು, ಕಂಬಳಿ. ಕಂಬಳಿ ಉಸಿರಾಡುತ್ತಿತ್ತು. ನನಗೆ ಕಾಣುತ್ತಿತ್ತು, ಅವನಿಗೆ ಹೇಗೆ ಕಾಣಲಿಲ್ಲವೋ!

"ಹುಳಿ ಚೆನ್ನಾಗಿದೆ. ಯಾವ ಗುಡಾರದ್ದು?"

"ಫಲಕ ದಾಟಿ ಹತ್ತು ಕಿಲೋಮೀಟರ್ ಹೋಗು ತಮ್ಮಾ, ಹಳ್ಳದ ಆಚೆ," ಅಂದ ಬೈಕೆ. "ಒಬ್ಬ ಹುಡುಗಿ ಮಾರ್ತಾಳೆ."

ಅವನು ಬಟ್ಟಲು ಹಿಂದಿರುಗಿಸಿ, ಬಾಯಿ ಒರೆಸಿಕೊಂಡು, ಕಾರು ತಿರುಗಿಸಿದ.

ಸುರಂಗ ದಾಟಿದೆವು. ತಗ್ಗಿಗೆ ಇಳಿದ ಮೇಲೆ ಹುಡುಗಿ ಕಂಬಳಿಯೊಳಗಿಂದಲೇ ಕೇಳಿದಳು: "ಎಜೆ, ಯಾರಿಗೆ ತೋರ್ಸಿದ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎಲ್ರಿಗೂ ತೋರ್ಸಿದೆ ಕಣೇ. ತಪ್ಪಾಯ್ತು."

ಅವಳು ಕಂಬಳಿಯೊಳಗೆ ಆ ಕಡೆ ಹೊರಳಿದಳು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಊರು ಹತ್ತಿರವಾದಾಗ ಸಂಜೆಯ ಬಿಸಿಲಿನ್ನೂ ಇತ್ತು. "ಏಳು ಮಗಳೇ," ಅಂದೆ. "ನಮ್ಮನೇಲಿರು. ಇಷ್ಟು ಜನರ ಮಧ್ಯೆ ನಿನ್ನ ಯಾರು ಗುರುತು ಹಿಡೀತಾರೆ?"

ಅವಳು ಎದ್ದು ಕೂತಳು. ಮೊದಲ ವೃತ್ತದಲ್ಲಿ ಕೆಂಪು ದೀಪ. ಎದುರಿಗೆ ಪ್ರದರ್ಶನದ ಎರಡಾಳೆತ್ತರದ ಪೋಸ್ಟರಿನಲ್ಲಿ ಜಿಪಾರ್, ಬಾಟಲಿ ಹಿಡಿದು, ನೇರ ನಮ್ಮನ್ನೇ ನೋಡುತ್ತ ನಿಂತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೆಸರು.

"ಇಂಥವು ಎಷ್ಟಿವೆ ಎಜೆ?"

"ನಲವತ್ತು," ಅಂದೆ. ಪ್ರದರ್ಶನದವರು ಹತ್ತು ಸಾಕು ಎಂದಿದ್ದರು. ಗೋಗರೆದು ನಲವತ್ತು ಹಾಕಿಸಿದವಳು ನಾನು.

ಹಸಿರು ದೀಪ ಬಂತು. ಜಿಪಾರ್ ಕಂಬಳಿ ಎಳೆದುಕೊಂಡು ಮತ್ತೆ ಮಲಗಿದಳು.